ಕಾಸು ನುಂಗಿದ ಪೆಟ್ಟಿಗೆ ತೊದಲುವುದೇಕೆ?

ಕಾಸು ಹಾಕಿದ್ದಾಯಿತು. ಗುಂಡಿ ಒತ್ತಿದ್ದೂ ಆಯಿತು. ಗಾಜಿನ ಹಿಂದೆ ಲೋಹದ ಕೈಯೊಂದು ಸರಿದು, ಸಾಲಿನಿಂದ ಒಂದು ಸಿಡಿಯನ್ನೆತ್ತಿ ಪ್ಲೇಯರಿಗೆ ಕೊಟ್ಟಿತು. ಹಾಡು ಶುರು! ಆದರೆ ಪಲ್ಲವಿ ಮುಗಿಯುವಷ್ಟರಲ್ಲೇ ಟಕಟಕ... ಟಕಟಕ... ಒಂದೇ ಪದ ಹತ್ತು ಸಲ. ಗಿರಾಕಿ ಸುಮ್ಮನೆ ಬಿಟ್ಟಾನೆಯೇ? ‘ನನ್ ಕಾಸು ವಾಪಸ್ ಕೊಡಿ ಸ್ವಾಮಿ!’

ಅಮೆರಿಕದ ಬಾರುಗಳಲ್ಲಿ ಸಿಡಿ ಜೂಕ್‌ಬಾಕ್ಸ್ ಮೆರೆದ ಕಾಲದಲ್ಲಿ ಮಾಲೀಕರಿಗೆ ಇದೊಂದು ದೊಡ್ಡ ತಲೆನೋವು. ಕಾಸಿಗೆ ಹಾಡುವ ಪೆಟ್ಟಿಗೆ ಅಲ್ಲಿಗೆ ಹೊಸದೇನಲ್ಲ. 1889ರ ನವೆಂಬರಿನಲ್ಲೇ ಲೂಯಿ ಗ್ಲಾಸ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋದ ಹೆಂಡದಂಗಡಿಯೊಂದರಲ್ಲಿ ಐದು ಸೆಂಟ್ ನುಂಗಿ ಹಾಡುವ ಫೋನೋಗ್ರಾಫ್ ಇಟ್ಟಿದ್ದ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸಿಡಿ, ಆ ದಶಕ ಮುಗಿಯುವ ಮೊದಲೇ ಈ ಪೆಟ್ಟಿಗೆಯೊಳಗೂ ನುಗ್ಗಿತು. ಮುಂದೆ ಸಿಡಿಯೇ ಬೇಡದ ಡಿಜಿಟಲ್ ಪೆಟ್ಟಿಗೆಗಳು ಬಂದವು. ಹಳೆಯವು ಬಾರು ಬಿಟ್ಟು ಹವ್ಯಾಸಿಗಳ ಮನೆ ಸೇರಿದವು. ಬಿಡಿಭಾಗ ಸಿಗುವುದು ಕಷ್ಟವಾಯಿತು. ಆದ್ದರಿಂದಲೇ ರೋಗ ತಿಳಿಯದೆ ಔಷಧಿ ಕೊಡುವುದು ಇಲ್ಲಿ ಬಲು ದುಬಾರಿ.

ಕಳ್ಳ ಯಾರು?

ಹಿಡಿಯುವ ಉಪಾಯ ಸುಲಭ, ಖರ್ಚೂ ಇಲ್ಲ. ತೊದಲುವ ಸಿಡಿಯನ್ನು ತೆಗೆದು ಬೇರೆ ಗೂಡಿಗೆ ಹಾಕಿ, ಅದರ ಜಾಗಕ್ಕೆ ಚೆನ್ನಾಗಿ ಹಾಡುವ ಸಿಡಿ ಇಡಬೇಕು. ತೊದಲು ಸಿಡಿಯ ಹಿಂದೆಯೇ ಹೋಯಿತೋ, ದೋಷ ಸಿಡಿಯದು. ಗೂಡಿನಲ್ಲೇ ಉಳಿಯಿತೋ, ಆ ಗೂಡಿನಿಂದ ಎತ್ತುವ ಕೈ ಸಿಡಿಯನ್ನು ಸರಿಯಾಗಿ ಕೂರಿಸುತ್ತಿಲ್ಲ. ಎಲ್ಲ ಸಿಡಿಗಳೂ ತೊದಲಿದರೆ ಪ್ಲೇಯರಿನದೇ ತಪ್ಪು. ಹಾಡಿನ ಸದ್ದು ಏರಿಸಿದಾಗ ಮಾತ್ರ ಎಗರಿದರೆ? ಸ್ಪೀಕರಿನ ಅದುರಾಟ ಪ್ಲೇಯರಿಗೆ ತಟ್ಟುತ್ತಿದೆ ಎಂದೇ ಲೆಕ್ಕ.

ಸಿಡಿಯ ಮೈ

ಸಿಡಿ ಒಳಸುತ್ತಿನಿಂದ ಹೊರಕ್ಕೆ ಹಾಡುತ್ತದೆ. ಸುತ್ತಿನಿಂದ ಸುತ್ತಿಗೆ ಅಂತರ ಮಿಲಿಮೀಟರಿನ ಸಾವಿರದ ಒಂದೂವರೆ ಪಾಲಿನಷ್ಟು! ಆದರೂ ಸಣ್ಣಪುಟ್ಟ ಗೀರನ್ನು ಯಂತ್ರ ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ನಡುವಿನಿಂದ ಅಂಚಿಗೆ ಅಡ್ಡ ಬಿದ್ದ ಗೀರಿಗಿಂತ, ಸುತ್ತಿನ ಗುಂಟ ಉದ್ದಕ್ಕೆ ಬಿದ್ದ ಗೀರೇ ಹೆಚ್ಚು ಅಪಾಯ. ಅದಕ್ಕೇ ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಗುಂಡಗೆ ಉಜ್ಜಿದರೆ ಕೆಟ್ಟಿತು!

ಹೆಸರು ಅಚ್ಚಾದ ಮೇಲ್ಮೈ ಗಟ್ಟಿ ಎಂದು ನಂಬುವವರೇ ಹೆಚ್ಚು. ನಿಜ ಅದರ ಉಲ್ಟಾ. ಹೊಳೆಯುವ ಅಲ್ಯೂಮಿನಿಯಂ ಪದರ ಇರುವುದು ಅದರ ಕೆಳಗೇ. ಅಲ್ಲಿ ಕೆರೆದರೆ ಹಾಡೇ ಕಿತ್ತು ಹೋಗುತ್ತದೆ. ಇನ್ನು ಮನೆಯಲ್ಲಿ ಬರೆದ ಸಿಡಿಗಳ ಕಥೆ. ಕಾರ್ಖಾನೆಯಲ್ಲಿ ಅಚ್ಚಾದ ಸಿಡಿಯಷ್ಟು ಚೆನ್ನಾಗಿ ಇವನ್ನು ಹಳೇ ಯಂತ್ರ ಓದದು.

ಕಣ್ಣಿಗೆ ಪೊರೆ

ಎಲ್ಲ ಸಿಡಿಗಳೂ ತೊದಲುತ್ತಿದ್ದರೆ ಮೊದಲ ಅನುಮಾನ ಲೇಸರಿನ ಪುಟ್ಟ ಮಸೂರದ ಮೇಲೆ. ಬಾರಿನ ಸಿಗರೇಟು ಹೊಗೆ ವರ್ಷಗಟ್ಟಲೆ ಕುಡಿದ ಅದರ ಮೇಲೆ ಮಬ್ಬು ಕಟ್ಟಿರುತ್ತದೆ. ಕರೆಂಟ್ ಪ್ಲಗ್ ಕಿತ್ತಿಟ್ಟು, ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಹಗುರವಾಗಿ ಒರೆಸಿದರೆ ಎಷ್ಟೋ ಯಂತ್ರಗಳು ಮತ್ತೆ ಹಾಡುತ್ತವೆ. ಯಂತ್ರ ಓಡುವಾಗ ಅದರೊಳಕ್ಕೆ ಇಣುಕುವುದು ಬೇಡ. ಆ ಬೆಳಕು ಬಹುಮಟ್ಟಿಗೆ ಕಣ್ಣಿಗೆ ಕಾಣದು, ಕಣ್ಣನ್ನು ಮಾತ್ರ ಕೆಡಿಸಬಲ್ಲದು.

ಒರೆಸಿದರೂ ಆಗಲಿಲ್ಲವೇ? ಹಾಡಿನ ಪಟ್ಟಿಯ ಕೊನೆಯ ಹಾಡುಗಳು ಮಾತ್ರ ಎಗರಿದರೆ ಲೇಸರ್ ಸರಿಯುವ ಹಳಿಯ ಗ್ರೀಸ್ ಒಣಗಿರಬಹುದು. ಸಿಡಿ ಸುತ್ತಲು ತಡವರಿಸಿದರೆ ಮೋಟಾರು ಸವೆದಿರಬಹುದು.

ಸ್ಕ್ರೂಡ್ರೈವರ್ ಚಟ

ಇಷ್ಟೆಲ್ಲ ನೋಡುವ ತಾಳ್ಮೆ ಎಲ್ಲರಿಗೆಲ್ಲಿ? ಕೆಲವರು ಲೇಸರಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಬೆಳಕು ಏರಿಸುತ್ತಾರೆ. ‘ನೋಡಿ, ಹೇಗೆ ಹಾಡ್ತಿದೆ!’ ಹಾಡುತ್ತದೆ, ನಿಜ. ಆದರೆ ಮಿತಿ ಮೀರಿ ಉರಿದ ಲೇಸರ್ ಬೇಗ ಸಾಯುತ್ತದೆ. ಕೊಳೆ ಒರೆಸಿದ್ದರೆ ಬದುಕುತ್ತಿದ್ದ ಪೆಟ್ಟಿಗೆ ಗುಜರಿ ಸೇರುತ್ತದೆ.

ಅಮೆರಿಕದ ಜೂಕ್‌ಬಾಕ್ಸಿಗೆ ಮಾತ್ರವಲ್ಲ, ಕರ್ನಾಟಕದ ಮನೆಗಳ ಷೋಕೇಸಿನಲ್ಲಿ ಧೂಳು ತಿನ್ನುತ್ತಿರುವ ಸಿಡಿ ಪ್ಲೇಯರಿಗೂ ಇದೇ ನ್ಯಾಯ. ಅಲ್ಲಿ ಸಿಗರೇಟು ಹೊಗೆ, ಇಲ್ಲಿ ಊದುಬತ್ತಿ ಹೊಗೆ, ಅಷ್ಟೇ ವ್ಯತ್ಯಾಸ. ಗುಜರಿಯವನನ್ನು ಕೂಗುವ ಮೊದಲು ಇನ್ನೊಂದು ಸಿಡಿ ಹಾಕಿ ನೋಡಿದರೆ ನಷ್ಟವೇನು?