ಬಂದು ಹೋಗುವ ಎಂಜಿನ್ ದೀಪ

ವೈದ್ಯರ ಮನೆ ಮುಟ್ಟುವಷ್ಟರಲ್ಲಿ ಜ್ವರ ಇಳಿದುಬಿಡುವ ರೋಗಿಗಳಿರುತ್ತಾರೆ. ಹಳೆಯ ಕಾರುಗಳ ಕೆಲವು ದೋಷಗಳೂ ಹೀಗೆಯೇ. ಡ್ಯಾಶ್‌ಬೋರ್ಡಿನ ಎಂಜಿನ್ ಎಚ್ಚರಿಕೆ ದೀಪ ಒಂದು ವಾರ ಉರಿಯುತ್ತದೆ, ಮೆಕ್ಯಾನಿಕ್ ಬಳಿ ಒಯ್ದಾಗ ಆರಿರುತ್ತದೆ. ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಹಣ ಕರಗುತ್ತದೆ, ದೋಷ ಉಳಿಯುತ್ತದೆ. ಇಂಥ ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆ?

ಜಪಾನಿನ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1989ರ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಆಸನಗಳ ಕಾರು 2016ರ ವೇಳೆಗೆ ಹತ್ತು ಲಕ್ಷದ ಸಂಖ್ಯೆ ಮುಟ್ಟಿತು. ಅಮೆರಿಕದಲ್ಲಿ ಮಾರಾಟವಾದ ಇದರ 1999ರ ಮಾದರಿಯಲ್ಲಿ ಓಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಇದೆ. 1996ರ ಮಾದರಿಗಳಿಂದ ಅಲ್ಲಿ ಇದು ಕಡ್ಡಾಯ.

ದೀಪದ ಲೆಕ್ಕಾಚಾರ

ದೀಪ ಆರಿದರೆ ದೋಷವೂ ಹೋಯಿತೆಂದು ನಾವು ಭಾವಿಸುತ್ತೇವೆ. ಇದು ಸರಿಯಲ್ಲ. ಹೆಚ್ಚಿನ ದೋಷಗಳು ಒಂದರ ಹಿಂದೊಂದು ಎರಡು ಓಟಗಳಲ್ಲಿ ಕಂಡುಬಂದರೆ ಮಾತ್ರ ಕಂಪ್ಯೂಟರ್ ದೀಪ ಹೊತ್ತಿಸುತ್ತದೆ. ಓಟ ಎಂದರೆ ಎಂಜಿನ್ ಚಾಲೂ ಮಾಡಿ, ತಪಾಸಣೆ ನಡೆಯುವಷ್ಟು ಓಡಿಸಿ, ನಿಲ್ಲಿಸುವುದು. ಮುಂದೆ ಸತತ ಮೂರು ಓಟಗಳಲ್ಲಿ ದೋಷ ಕಾಣದಿದ್ದರೆ ದೀಪ ಆರುತ್ತದೆ. ಹಾಗಾಗಿ ಇಂದು ಹೊತ್ತಿದ ದೀಪಕ್ಕೆ ಕಾರಣ ನಿನ್ನೆಯೇ ತಲೆದೋರಿರಬಹುದು. ದೀಪದ ಸಮಯ ದೋಷದ ಸಮಯವಲ್ಲ.

ಆದರೆ ದೀಪ ಆರಿದರೂ ದೋಷದ ಸಂಕೇತ ಸ್ಮೃತಿಯಲ್ಲಿ ಉಳಿದಿರುತ್ತದೆ. ಎಂಜಿನ್ ಸುಮಾರು 40 ಬಾರಿ ಬಿಸಿಯಾಗಿ ತಣಿದ ಮೇಲಷ್ಟೆ ಅದು ಅಳಿಯುತ್ತದೆ. ಜೊತೆಗೆ ದೋಷ ದಾಖಲಾದ ಕ್ಷಣದ ಎಂಜಿನ್ ವೇಗ, ತಂಪುನೀರಿನ ಉಷ್ಣತೆ, ಎಂಜಿನ್ ಮೇಲಿನ ಹೊರೆ ಮುಂತಾದವುಗಳ ಚಿತ್ರವೂ ಇರುತ್ತದೆ. ಇದೇ ನಮಗೆ ಸಿಗುವ ಅತ್ಯಮೂಲ್ಯ ಸಾಕ್ಷ್ಯ. ಸ್ಕ್ಯಾನರ್ ಸಿಕ್ಕಿಸಿ ಸಂಕೇತವನ್ನು ಅಳಿಸಿದರೆ ಇದೂ ಅಳಿಯುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ಗಾಳಿ ಎಲ್ಲಿಂದ ನುಸುಳಿತು?

ಸಂಕೇತ ಪಿ 0171 ಎಂದುಕೊಳ್ಳೋಣ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದು ಇದರ ಅರ್ಥ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಳಬರುವ ಗಾಳಿಯನ್ನು ಸಂವೇದಕವೊಂದು ಅಳೆಯುತ್ತದೆ. ಅದನ್ನು ದಾಟಿದ ಮೇಲೆ ಗಾಳಿ ನುಸುಳಿದರೆ ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ.

ಎಲ್ಲಿ ನುಸುಳಿತೆಂಬುದನ್ನು ಒತ್ತಡದ ನಿಯಮವೇ ತಿಳಿಸುತ್ತದೆ. ಎಂಜಿನ್ ನಿಂತಲ್ಲೇ ನಿಧಾನವಾಗಿ ತಿರುಗುವಾಗ ಥ್ರಾಟಲ್ ಕವಾಟದ ಆಚೆಗಿನ ಒತ್ತಡ ವಾಯುಮಂಡಲದ ಒತ್ತಡದ ಅರ್ಧಕ್ಕಿಂತಲೂ ಕಡಿಮೆ. ಅಲ್ಲಿ ಬಿರುಕಿದ್ದರೆ ಆಗಲೇ ತೊಂದರೆ ಹೆಚ್ಚು. ಕವಾಟದ ಈಚೆಗಿನ ರಬ್ಬರ್ ಕೊಳವೆಯಲ್ಲಿ ಬಿರುಕಿದ್ದರೆ, ಗಾಳಿ ರಭಸವಾಗಿ ಹರಿಯುವಾಗ ತೊಂದರೆ ಎದ್ದು ಕಾಣುತ್ತದೆ. ಹೀಗಾಗಿ ದಾಖಲಾದ ಎಂಜಿನ್ ವೇಗವೇ ಹುಡುಕಬೇಕಾದ ಜಾಗವನ್ನು ಸೂಚಿಸಬಲ್ಲದು.

ಈ ಕೊಳವೆಯ ಒಂದು ತುದಿ ಕಾರಿನ ಮೈಗೆ, ಇನ್ನೊಂದು ತುದಿ ಅಲುಗಾಡುವ ಎಂಜಿನ್ನಿಗೆ ಸೇರಿದೆ. ವರ್ಷಗಟ್ಟಲೆ ಕಾವು ತಿಂದ ರಬ್ಬರ್ ಗಡುಸಾಗಿ ಮಡಿಕೆಗಳಲ್ಲಿ ಬಿರಿಯುತ್ತದೆ. ವೇಗ ಹೆಚ್ಚಿಸಿದಾಗ ಎಂಜಿನ್ ವಾಲಿ ಬಿರುಕು ತೆರೆಯುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಎಂಜಿನ್ ಆರಿಸಿ ತಣಿಸಿದ ಬಳಿಕ ಮಡಿಕೆಗಳನ್ನು ಕೈಯಿಂದ ಬಿಡಿಸಿ ನೋಡಬೇಕು.

ಸಡಿಲ ಜೋಡಣೆ

ಸಂಕೇತವು ಆಕ್ಸಿಜನ್ ಸಂವೇದಕದ ತಾಪಕವನ್ನು ಸೂಚಿಸಿದರೆ ವೈರಿನ ಜೋಡಣೆಯನ್ನು ಶಂಕಿಸಬೇಕು. 12 ಓಮ್ ರೋಧದ ತಾಪಕಕ್ಕೆ 12 ವೋಲ್ಟ್ ಕೊಟ್ಟರೆ 1 ಆಂಪಿಯರ್ ಹರಿದು 12 ವಾಟ್ ಶಾಖ ಸಿಗುತ್ತದೆ. ಕಿಲುಬು ಹಿಡಿದ ಜೋಡಣೆ 4 ಓಮ್ ಸೇರಿಸಿದರೆ ವಿದ್ಯುತ್ 0.75 ಆಂಪಿಯರಿಗೆ, ತಾಪಕದ ಶಾಖ 6.75 ವಾಟಿಗೆ ಇಳಿಯುತ್ತದೆ. ಸಂವೇದಕವನ್ನು ಬದಲಿಸಿದರೂ ಪ್ರಯೋಜನವಿಲ್ಲ. ಮಲ್ಟಿಮೀಟರ್ ರೋಧವನ್ನು ಅತ್ಯಲ್ಪ ವಿದ್ಯುತ್ತಿನಿಂದ ಅಳೆಯುವುದರಿಂದ ಈ ಲೋಪ ಅದಕ್ಕೆ ಕಾಣದೆಯೂ ಹೋಗಬಹುದು. ವಿದ್ಯುತ್ ಹರಿಯುತ್ತಿರುವಾಗಲೇ ಜೋಡಣೆಯ ಎರಡು ಬದಿಗಳ ನಡುವಿನ ವೋಲ್ಟೇಜನ್ನು ಅಳೆಯಬೇಕು. ಇಲ್ಲಿ ಅದು 3 ವೋಲ್ಟ್ ಇರುತ್ತದೆ. ಒಳ್ಳೆಯ ಜೋಡಣೆಯಲ್ಲಿ ಸೊನ್ನೆಗೆ ಸಮೀಪ.

ಒಂದು ಬಾರಿಗೆ ಒಂದೇ ಬದಲಾವಣೆ

ಪ್ರಯೋಗಶಾಲೆಯ ಈ ನಿಯಮ ಇಲ್ಲೂ ಸಲ್ಲುತ್ತದೆ. ಒಟ್ಟಿಗೆ ಮೂರು ಭಾಗ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ದುರಸ್ತಿಯ ಬಳಿಕ, ದೋಷ ಕಂಡಾಗಿನ ವೇಗ, ಹೊರೆ, ಉಷ್ಣತೆಯಲ್ಲೇ ಮತ್ತೆ ಓಡಿಸಿ ನೋಡಬೇಕು. ಬೇರೆ ಸ್ಥಿತಿಯಲ್ಲಿ ದೀಪ ಹೊತ್ತದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಒಂದು ಎಚ್ಚರಿಕೆ. ದೀಪ ಸ್ಥಿರವಾಗಿ ಉರಿಯುವ ಬದಲು ಮಿಣುಕುತ್ತಿದ್ದರೆ ಪರೀಕ್ಷೆ ಮುಂದುವರಿಸಬಾರದು. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆಕೊಳವೆಯ ವೇಗವರ್ಧಕ ಪರಿವರ್ತಕದಲ್ಲಿ ಉರಿದು ಅದನ್ನೇ ಕರಗಿಸಬಲ್ಲದು. ಕೂಡಲೇ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಬೇಕು.

ಭಾರತದಲ್ಲಿ ಓಬಿಡಿ-2 ವ್ಯವಸ್ಥೆ 2013ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಹಾಗಾಗಿ ಈ ಕ್ರಮ ನಮ್ಮ ಮನೆಯ ಮುಂದಿನ ಕಾರಿಗೂ ಅನ್ವಯಿಸುತ್ತದೆ.