ಗುಳಿಗೆಯೂ ರಕ್ತದ ಒತ್ತಡವೂ

1930ನೆಯ ಇಸವಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನದ ಸರಕಾರವು ಒಂದು ಆಜ್ಞೆಯನ್ನು ಹೊರಡಿಸಿತು. ಸಂಸ್ಥಾನದ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ವಿಷಯವಾಗಿ ಸಲಹೆ ನೀಡುವ ಚಿಕಿತ್ಸಾಲಯಗಳನ್ನು ತೆರೆಯತಕ್ಕದ್ದೆಂಬುದೇ ಆ ಆಜ್ಞೆಯ ಸಾರ. ಸರಕಾರವೇ ಮುಂದೆ ನಿಂತು ಇಂತಹ ಏರ್ಪಾಡನ್ನು ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಎಣಿಸುವುದುಂಟು. ನಮ್ಮ ಮೈಸೂರು ನಗರದಲ್ಲಿ, ಕೃಷ್ಣರಾಜೇಂದ್ರ ಆಸ್ಪತ್ರೆಯ ನೆರೆಯಲ್ಲಿರುವ ಚೆಲುವಾಂಬ ಆಸ್ಪತ್ರೆಯ ಹೆಸರು ಈ ಚರಿತ್ರೆಯೊಡನೆ ಸೇರಿಕೊಂಡಿದೆ.

ಆಗ ಗುಳಿಗೆಯೆಂಬುದು ಇರಲಿಲ್ಲ. ಸ್ವಾತಂತ್ರ್ಯಾನಂತರ, 1952ರ ಸುಮಾರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಗರ್ಭ ನಿಲ್ಲುವ ದಿನಗಳನ್ನೂ ನಿಲ್ಲದ ದಿನಗಳನ್ನೂ ಲೆಕ್ಕವಿಟ್ಟು ನಡೆಯುವಂತೆ ದಂಪತಿಗಳಿಗೆ ಕಲಿಸುವುದು ಅದರ ಉದ್ದೇಶ. ಆದರೆ ದಿನಗಳ ಲೆಕ್ಕವನ್ನು ನೆಚ್ಚಿದ ಈ ಕ್ರಮವು ಹೆಚ್ಚಿನ ಫಲವನ್ನು ಕೊಡಲಿಲ್ಲ. ಇಂತಹ ಕಾಲದಲ್ಲಿ, 1960ರಲ್ಲಿ, ಅಮೆರಿಕದ ಸರಕಾರವು ಸಂತಾನ ನಿಯಂತ್ರಣಕ್ಕಾಗಿ ಒಂದು ಗುಳಿಗೆಯನ್ನು ಅಂಗೀಕರಿಸಿತು. ದಿನಕ್ಕೊಂದರಂತೆ ನುಂಗಿದರೆ ಸಾಕು, ಲೆಕ್ಕದ ಗೋಜಿಲ್ಲ. ಅಲ್ಪಕಾಲದಲ್ಲಿಯೇ ಅದು ದೇಶದೇಶಗಳಿಗೆ ಹರಡಿತು.

ಗುಳಿಗೆಯ ಹಿಂದೆಯೇ ಒಂದು ಆತಂಕವೂ ಬಂದಿತು. ಇದನ್ನು ಸೇವಿಸಿದರೆ ರಕ್ತದ ಒತ್ತಡ ಏರುವುದೇ? ಏರುವುದಾದರೆ ಎಷ್ಟು? ಗುಳಿಗೆಯನ್ನು ಬಿಟ್ಟುಬಿಡಬೇಕೆ? ಈ ಪ್ರಶ್ನೆಗಳು ಮನೆಮನೆಗಳಲ್ಲಿ ಮೆಲುದನಿಯಲ್ಲಿ ಕೇಳಿಬರುತ್ತವೆಯಲ್ಲದೆ ಬಹಿರಂಗವಾಗಿ ಚರ್ಚೆಗೆ ಬರುವುದು ಅಪರೂಪ. ನಮ್ಮ ತರುಣ ವಾಚಕರಲ್ಲಿ ಹಲವರು ನಾಳೆ ಗೃಹಸ್ಥರಾಗುವವರು. ಕೆಲವರು ವೈದ್ಯರೂ ದಾದಿಯರೂ ಆಗುವವರು. ಆದುದರಿಂದ ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ, ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಒತ್ತಡವೆಂದರೇನು?

ಹೃದಯವು ಒಂದು ಪಂಪು. ಅದು ಕುಗ್ಗಿದಾಗ ಧಮನಿಗಳಲ್ಲಿ ಒತ್ತಡ ಏರುತ್ತದೆ, ಹಿಗ್ಗಿದಾಗ ಇಳಿಯುತ್ತದೆ. ವೈದ್ಯರು 120/80 ಎಂದು ಬರೆಯುವಾಗ ಮೇಲಿನ ಅಂಕಿ ಕುಗ್ಗಿದಾಗಿನ ಒತ್ತಡವನ್ನೂ ಕೆಳಗಿನದು ಹಿಗ್ಗಿದಾಗಿನ ಒತ್ತಡವನ್ನೂ ಸೂಚಿಸುತ್ತದೆ. ಈ ಅಂಕಿಗಳು ಪಾದರಸದ ಕಂಬದ ಎತ್ತರ, ಮಿಲಿಮೀಟರುಗಳಲ್ಲಿ. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವಾದ ದ್ರವ. ಆದುದರಿಂದ 120 ಮಿಲಿಮೀಟರು ಪಾದರಸವೆಂದರೆ ಸುಮಾರು 1.6 ಮೀಟರು ನೀರು, ಎಂದರೆ ಹೆಚ್ಚುಕಡಿಮೆ ಒಂದು ಆಳಿನ ಎತ್ತರ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣುಕುದುರೆಯ ಧಮನಿಗೆ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು 8 ಅಡಿಗೂ ಮೀರಿ ಮೇಲೇರಿತು. ರಕ್ತದ ಒತ್ತಡದ ಈ ಮೊದಲ ಅಳತೆಯನ್ನು ಅವನು 1733ರಲ್ಲಿ ಪ್ರಕಟಿಸಿದನು.

ಒತ್ತಡವನ್ನು ನಿರ್ಧರಿಸುವುದು ಪಂಪು ಒಂದೇ ಅಲ್ಲ. ಕೊಳವೆಗಳ ಅಗಲವೂ ಅಷ್ಟೇ ಮುಖ್ಯ. ಫ್ರಾನ್ಸಿನ ಪಾಯ್ಸೆಯ್ ಎಂಬ ವೈದ್ಯನು 1840ರ ದಶಕದಲ್ಲಿ ಕಂಡುಹಿಡಿದ ನಿಯಮದಂತೆ, ಕಿರಿದಾದ ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯವು ನೂರಕ್ಕೆ ಹತ್ತು ಪಾಲು ಕುಗ್ಗಿದರೆ, ಮೊದಲಿನಷ್ಟೇ ದ್ರವವನ್ನು ಸಾಗಿಸಲು ಒಂದೂವರೆ ಪಟ್ಟು ಒತ್ತಡ ಬೇಕು. ನೂರಕ್ಕೆ ಒಂದೇ ಪಾಲು ಕುಗ್ಗಿದರೂ ಒತ್ತಡ ನೂರಕ್ಕೆ ನಾಲ್ಕರಷ್ಟು ಏರಬೇಕು. ರಕ್ತವು ಸರಳವಾದ ದ್ರವವಲ್ಲ, ಧಮನಿಯು ಗಾಜಿನ ಕೊಳವೆಯಲ್ಲ ಎಂಬುದು ದಿಟ. ಆದರೂ ಕಿರುಧಮನಿಗಳ ಅತ್ಯಲ್ಪ ಸಂಕೋಚವೂ ಒತ್ತಡದಲ್ಲಿ ಎದ್ದುಕಾಣುವುದೆಂಬ ಮುಖ್ಯಾಂಶವನ್ನು ಈ ಲೆಕ್ಕ ತಿಳಿಸಿಕೊಡುತ್ತದೆ.

ಗುಳಿಗೆಯಲ್ಲಿರುವುದೇನು?

ಸಾಮಾನ್ಯವಾದ ಗುಳಿಗೆಯಲ್ಲಿ ಎರಡು ಹಾರ್ಮೋನುಗಳಿರುತ್ತವೆ. ಒಂದು ಈಸ್ಟ್ರೋಜನ್ ಜಾತಿಯದು, ಇನ್ನೊಂದು ಪ್ರೊಜೆಸ್ಟರಾನನ್ನು ಹೋಲುವಂತಹುದು. ಇವು ಸೇರಿ ಅಂಡಾಶಯದಿಂದ ಅಂಡವು ಹೊರಬೀಳದಂತೆ ತಡೆಯುತ್ತವೆ. 1960ರ ಎನೋವಿಡ್ ಎಂಬ ಗುಳಿಗೆಯಲ್ಲಿ ಈಸ್ಟ್ರೋಜನ್ ಜಾತಿಯ ದ್ರವ್ಯ 0.15 ಮಿಲಿಗ್ರಾಂ, ಇನ್ನೊಂದು ದ್ರವ್ಯ 9.85 ಮಿಲಿಗ್ರಾಂ ಇದ್ದವು. ಇಂದು ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ 'ಮಾಲಾ-ಎನ್' ಗುಳಿಗೆಯಲ್ಲಿ ಈಸ್ಟ್ರೋಜನ್ 0.03 ಮಿಲಿಗ್ರಾಂ, ಲೆವೊನಾರ್ಜೆಸ್ಟ್ರೆಲ್ ಎಂಬುದು 0.15 ಮಿಲಿಗ್ರಾಂ ಮಾತ್ರ. ಅಂಗಡಿಗಳಲ್ಲಿ ದೊರೆಯುವ 'ಮಾಲಾ-ಡಿ'ಯ ಪಾಕವೂ ಇದೇ. ಚೀಟಿಯಲ್ಲಿರುವ 28 ಗುಳಿಗೆಗಳಲ್ಲಿ 21ರಲ್ಲಿ ಹಾರ್ಮೋನು ಇರುತ್ತದೆ; ಉಳಿದ 7 ಬರಿಯ ಕಬ್ಬಿಣಾಂಶದವು. ಅರವತ್ತು ವರ್ಷಗಳ ಹಿಂದಿನ ಗುಳಿಗೆಯ ವಿಷಯವಾಗಿ ಹುಟ್ಟಿದ ಭಯವನ್ನು ಇಂದಿನ ಗುಳಿಗೆಗೆ ಹಾಗೆಯೇ ಅನ್ವಯಿಸಲಾಗದೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಹಾಗೆಂದು ಭಯಕ್ಕೆ ಆಧಾರವೇ ಇಲ್ಲವೆಂದೂ ಹೇಳುವಂತಿಲ್ಲ.

ಒತ್ತಡ ಏರುವ ಬಗೆ

1967ರಲ್ಲಿ ನ್ಯೂಯಾರ್ಕಿನ ವೈದ್ಯ ಜಾನ್ ಲಾರಾ ಮತ್ತು ಅವರ ಸಹೋದ್ಯೋಗಿಗಳು, ಗುಳಿಗೆಯನ್ನು ಸೇವಿಸುತ್ತಿದ್ದಾಗ ರಕ್ತದ ಒತ್ತಡ ಏರಿದ ಕೆಲವು ಸ್ತ್ರೀಯರನ್ನು ಪರೀಕ್ಷಿಸಿ ತಮ್ಮ ವರದಿಯನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಈ ಕ್ರಿಯೆಯ ಮುಖ್ಯ ಹಂತಗಳು ಸ್ಪಷ್ಟವಾಗಿವೆ.

ನುಂಗಿದ ಗುಳಿಗೆಯ ಸಾರವು ಕರುಳಿನಿಂದ ಮೊದಲು ಯಕೃತ್ತನ್ನು ಸೇರುತ್ತದೆ. ಅಲ್ಲಿ ಈಸ್ಟ್ರೋಜನ್ನಿನ ಪ್ರಚೋದನೆಯಿಂದ ಆಂಜಿಯೊಟೆನ್ಸಿನೋಜನ್ ಎಂಬ ಪ್ರೋಟೀನು ಹೆಚ್ಚಾಗಿ ತಯಾರಾಗುತ್ತದೆ. ಮೂತ್ರಪಿಂಡಗಳು ಸ್ರವಿಸುವ ರೆನಿನ್ ಎಂಬ ಕಿಣ್ವವು ಈ ಪ್ರೋಟೀನನ್ನು ತುಂಡರಿಸುತ್ತದೆ. ಆ ತುಂಡು ಮತ್ತೊಂದು ಕಿಣ್ವದಿಂದ ಇನ್ನಷ್ಟು ಕಿರಿದಾಗಿ ಆಂಜಿಯೊಟೆನ್ಸಿನ್ ಎಂಬ ಪ್ರಬಲ ದ್ರವ್ಯವಾಗುತ್ತದೆ. ಇದು ಎರಡು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ ಕಿರುಧಮನಿಗಳನ್ನು ಸಂಕೋಚಗೊಳಿಸುತ್ತದೆ. ಎರಡನೆಯದಾಗಿ, ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸಿ, ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ. ಕೊಳವೆ ಕಿರಿದಾಯಿತು, ಅದರಲ್ಲಿ ಹರಿಯುವ ದ್ರವ ಹೆಚ್ಚಾಯಿತು; ಒತ್ತಡ ಏರದೆ ಇನ್ನೇನು?

ಹಾಗಾದರೆ ಗುಳಿಗೆ ಸೇವಿಸುವ ಎಲ್ಲರಿಗೂ ರೋಗ ಬರಬೇಕಲ್ಲವೆ? ಇಲ್ಲ. ಆಂಜಿಯೊಟೆನ್ಸಿನ್ ಹೆಚ್ಚಿದೊಡನೆ ಮೂತ್ರಪಿಂಡಗಳು ರೆನಿನ್ನಿನ ಸ್ರಾವವನ್ನು ತಗ್ಗಿಸುತ್ತವೆ. ಬಹುಮಂದಿಯಲ್ಲಿ ಈ ಹಿಡಿತವು ಸರಿಯಾಗಿ ಕೆಲಸಮಾಡುವುದರಿಂದ ಒತ್ತಡವು ಕೆಲವೇ ಮಿಲಿಮೀಟರು ಏರಿ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಹಿಡಿತ ಸಾಲದೆ ಹೋಗುತ್ತದೆ. ಆ ಕೆಲವರು ಯಾರೆಂಬುದನ್ನು ಮುಖ ನೋಡಿ ಹೇಳುವುದು ಅಸಾಧ್ಯ. ಏರಿದ ಒತ್ತಡವು ಸಾಮಾನ್ಯವಾಗಿ ನೋವನ್ನಾಗಲಿ ಆಯಾಸವನ್ನಾಗಲಿ ಉಂಟುಮಾಡದೆ ಮೌನವಾಗಿ ಇರುವಂತಹುದು.

ಎಷ್ಟು ಮಂದಿಗೆ?

ಅಮೆರಿಕದಲ್ಲಿ 1989ರಿಂದ 1993ರವರೆಗೆ 68,000ಕ್ಕೂ ಹೆಚ್ಚು ದಾದಿಯರನ್ನು ಅನುಸರಿಸಿ ಒಂದು ಅಧ್ಯಯನ ನಡೆಯಿತು. ಗುಳಿಗೆಯನ್ನು ಎಂದೂ ಸೇವಿಸದವರಿಗೆ ಹೋಲಿಸಿದರೆ, ಸೇವಿಸುತ್ತಿದ್ದವರಲ್ಲಿ ಅಧಿಕ ಒತ್ತಡ ಉಂಟಾಗುವ ಸಂಭವವು 1.8 ಪಟ್ಟು ಇದ್ದಿತು. ಹೀಗೆ ಹೇಳಿದಾಗ ಯಾರಿಗಾದರೂ ದಿಗಿಲಾಗುವುದು ಸಹಜ. ಆದರೆ ಅದೇ ಫಲಿತಾಂಶವನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು: 10,000 ಸ್ತ್ರೀಯರು ಒಂದು ವರ್ಷ ಗುಳಿಗೆಯನ್ನು ಸೇವಿಸಿದರೆ, ಗುಳಿಗೆಯ ಕಾರಣದಿಂದ ಅಧಿಕ ಒತ್ತಡಕ್ಕೆ ಒಳಗಾಗುವವರು ಸುಮಾರು 41 ಮಂದಿ. ಗುಳಿಗೆಯನ್ನು ಬಿಟ್ಟ ಬಳಿಕ ಈ ಅಪಾಯವು ಬೇಗನೆ ತಗ್ಗಿತೆಂಬುದನ್ನೂ ಆ ಅಧ್ಯಯನ ತೋರಿಸಿತು. 'ಎಷ್ಟು ಪಟ್ಟು' ಎಂದು ಕೇಳಿದೊಡನೆ 'ಎಷ್ಟರಲ್ಲಿ ಎಷ್ಟು' ಎಂದು ಕೇಳುವ ಅಭ್ಯಾಸವು ವಿದ್ಯಾರ್ಥಿಗೆ ಅವಶ್ಯಕ.

ಈ ಅಭ್ಯಾಸವಿಲ್ಲದಿದ್ದರೆ ಏನಾಗುವುದೆಂಬುದನ್ನು ಬ್ರಿಟನ್ ದೇಶವು ಕಂಡಿತು. 1995ರ ಅಕ್ಟೋಬರಿನಲ್ಲಿ, ಕೆಲವು ಬಗೆಯ ಗುಳಿಗೆಗಳಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟೆಂದು ಅಲ್ಲಿ ಎಚ್ಚರಿಕೆ ಹೊರಟಿತು. ಆ ಸಂಭವ ಲಕ್ಷಕ್ಕೆ ಕೆಲವರದು ಮಾತ್ರ ಎಂಬುದನ್ನು ಕೇಳಿಸಿಕೊಂಡವರು ಕಡಿಮೆ. ಅನೇಕರು ಬೇರೆ ಉಪಾಯವನ್ನು ಹುಡುಕಿಕೊಳ್ಳದೆ ಗುಳಿಗೆಯನ್ನು ನಡುವೆಯೇ ನಿಲ್ಲಿಸಿದರು. ಮರುವರ್ಷ ಗರ್ಭಪಾತಗಳ ಸಂಖ್ಯೆ ಸಾವಿರಗಟ್ಟಲೆ ಏರಿತು. ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವು ಆ ಗುಳಿಗೆಗಳಿಂದ ಆಗುವುದಕ್ಕಿಂತಲೂ ಹೆಚ್ಚು. ಒತ್ತಡ ಏರಿ ತಾಯಿಯ ಪ್ರಾಣಕ್ಕೇ ಸಂಚಕಾರ ಬರುವುದೂ ಉಂಟು. ಒಂದು ಸಣ್ಣ ಅಪಾಯಕ್ಕೆ ಹೆದರಿ ದೊಡ್ಡ ಅಪಾಯದ ದಾರಿ ಹಿಡಿದಂತಾಯಿತು.

ಹಾಗೆಯೇ, ಅಲಕ್ಷ್ಯವೂ ಸಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15 ವರ್ಷ ತುಂಬಿದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 21 ಮಂದಿಯ ಒತ್ತಡ ಹೆಚ್ಚಾಗಿದೆ ಅಥವಾ ಅವರು ಅದಕ್ಕಾಗಿ ಔಷಧ ಸೇವಿಸುತ್ತಿದ್ದಾರೆ. ಮೊದಲೇ ಒತ್ತಡ ಏರಿದ್ದು, ಅದನ್ನು ಅರಿಯದೆ ಗುಳಿಗೆಯನ್ನು ಆರಂಭಿಸಿದವರಿಗೆ ಪಾರ್ಶ್ವವಾಯು ಮತ್ತು ಹೃದಯಾಘಾತಗಳ ಅಪಾಯ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದಂತೆ, ಒತ್ತಡವು 140/90 ಅಥವಾ ಅದಕ್ಕೆ ಮೀರಿದ್ದರೆ ಈಸ್ಟ್ರೋಜನ್ ಇರುವ ಗುಳಿಗೆಯನ್ನು ಸಾಮಾನ್ಯವಾಗಿ ಕೊಡಬಾರದು. 160/100 ಮುಟ್ಟಿದ್ದರೆ ಕೊಡಲೇಬಾರದು. 35 ವರ್ಷ ಮೀರಿ ಧೂಮಪಾನ ಮಾಡುವವರಿಗೂ ಇದು ಹಿತವಲ್ಲ.

ಸರಿಯಾದ ಅಳತೆ

ಎಲ್ಲವೂ ಅಳತೆಯ ಮೇಲೆ ನಿಂತಿದೆಯೆಂದ ಮೇಲೆ ಅಳತೆಯಲ್ಲಿ ತಪ್ಪಬಾರದು. ತೋಳಿಗೆ ಗಾಳಿಪಟ್ಟಿ ಸುತ್ತುವ ಕ್ರಮವನ್ನು 1896ರಲ್ಲಿ ಇಟಲಿಯ ರಿವಾ ರೊಚ್ಚಿ ರೂಢಿಗೆ ತಂದನು. ಪಟ್ಟಿಯ ಕೆಳಗಿನ ಧಮನಿಯ ಸದ್ದನ್ನು ಆಲಿಸುವ ಉಪಾಯವನ್ನು 1905ರಲ್ಲಿ ರಷ್ಯದ ಕೊರೊಟ್ಕಾಫ್ ಸೂಚಿಸಿದನು. ಇಂದು ಪಾದರಸದ ಯಂತ್ರಗಳು ಮರೆಯಾಗಿ ವಿದ್ಯುನ್ಮಾನ ಯಂತ್ರಗಳು ಬರುತ್ತಿವೆಯಾದರೂ ಲೆಕ್ಕವು ಪಾದರಸದ ಮಿಲಿಮೀಟರುಗಳಲ್ಲಿಯೇ ಉಳಿದಿದೆ.

ಇಲ್ಲಿ ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರು ಕೆಳಗೆ ಜೋತುಬಿದ್ದಿದ್ದರೆ, ಅಷ್ಟು ಎತ್ತರದ ರಕ್ತದ ಕಂಬದ ಒತ್ತಡವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಪಾದರಸಕ್ಕೆ ಪರಿವರ್ತಿಸಿದರೆ ಸುಮಾರು 8 ಮಿಲಿಮೀಟರು. ಗುಳಿಗೆಯಿಂದ ಬಹುಮಂದಿಯಲ್ಲಿ ಆಗುವ ಏರಿಕೆಯೂ ಕೆಲವೇ ಮಿಲಿಮೀಟರು! ಎಂದ ಮೇಲೆ ತೋಳನ್ನು ಇಟ್ಟ ಬಗೆಯೊಂದರಿಂದಲೇ ನಿರಪರಾಧಿಯಾದ ಗುಳಿಗೆ ಅಪರಾಧಿಯಾಗಬಹುದು, ಅಪರಾಧಿಯಾದುದು ತಪ್ಪಿಸಿಕೊಳ್ಳಲೂಬಹುದು.

ಆದುದರಿಂದ ಅಳೆಯುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ಸುಮ್ಮನೆ ಕುಳಿತಿರಬೇಕು. ತೋಳು ಮೇಜಿನ ಮೇಲೆ, ಹೃದಯದ ಮಟ್ಟದಲ್ಲಿರಬೇಕು. ಪಟ್ಟಿಯು ತೋಳಿನ ಗಾತ್ರಕ್ಕೆ ಒಪ್ಪಬೇಕು; ಕಿರಿದಾದ ಪಟ್ಟಿ ಇಲ್ಲದ ಒತ್ತಡವನ್ನು ತೋರಿಸುತ್ತದೆ. ಅಳೆಯುವಾಗ ಮಾತನಾಡಬಾರದು. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಮೈಸೂರಿನವರಿಗೆ ಇದೇ ಕಠಿನವಾದ ನಿಯಮವೆನಿಸೀತು. ಒಂದೇ ಅಳತೆಯನ್ನು ನಂಬದೆ ಎರಡು ಮೂರು ಸಲ, ಸಂದೇಹವಿದ್ದರೆ ಬೇರೆ ದಿನವೂ ಅಳೆಯಬೇಕು. ಗುಳಿಗೆಯನ್ನು ಆರಂಭಿಸುವ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಅಳೆಯಿಸಿ, ಅಂಕಿಯನ್ನು ದಿನಾಂಕದೊಡನೆ ಬರೆದಿಡುವುದು ಒಳ್ಳೆಯದು.

ಒತ್ತಡ ಏರಿದುದು ಖಚಿತವಾದರೆ ವೈದ್ಯರ ಸಲಹೆಯಂತೆ ಬೇರೆ ಮಾರ್ಗವನ್ನು ಹಿಡಿಯಬಹುದು. ಈಸ್ಟ್ರೋಜನ್ ಇಲ್ಲದ ಗುಳಿಗೆಗಳುಂಟು. ಹಾರ್ಮೋನಿನ ಸೋಂಕೇ ಇಲ್ಲದ ತಾಮ್ರದ ವಂಕಿ, ಎಂದರೆ ಕಾಪರ್-ಟಿ, ಉಂಟು. ಲಕ್ನೋ ನಗರದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ 'ಛಾಯಾ' ಎಂಬ ಹೆಸರಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಗಂಡಸರು ಕೈಗೊಳ್ಳಬಹುದಾದ ಸುಲಭೋಪಾಯಗಳೂ ಇವೆ. ಹೊಣೆಯನ್ನೆಲ್ಲ ಸ್ತ್ರೀಯರ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೈಸೂರಿನ ಒಂದು ನಿದರ್ಶನ

ಅಳೆದು ಬರೆದಿಟ್ಟ ಅಂಕಿಯ ಬೆಲೆ ಎಷ್ಟೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಎಂದರೆ ಊರಿನವರ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳ ಆಧಾರದಿಂದ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದರು. ಚಿಕ್ಕ ಶಿಶುಗಳಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂಬುದು 1996ರಲ್ಲಿ ಪ್ರಕಟವಾಯಿತು. ಪಾಶ್ಚಾತ್ಯ ದೇಶಗಳಲ್ಲಿ ಕಂಡಂತೆ ಅವರ ರಕ್ತದ ಒತ್ತಡವೂ ಹೆಚ್ಚಾಗಿರಬೇಕೆಂಬುದು ಸಹಜವಾದ ನಿರೀಕ್ಷೆ. ಆದರೆ ಮೈಸೂರಿನ ಅಳತೆಗಳು ಅದನ್ನು ಸಮರ್ಥಿಸಲಿಲ್ಲ. ಊಹೆ ಹೇಳಿದ್ದು ಒಂದು, ಅಳತೆ ಹೇಳಿದ್ದು ಇನ್ನೊಂದು.

ಗುಳಿಗೆಯ ವಿಷಯವೂ ಹೀಗೆಯೇ. ಅದು ಅಮೃತವೂ ಅಲ್ಲ, ವಿಷವೂ ಅಲ್ಲ. ಯಾರಿಗೆ ಹಿತ, ಯಾರಿಗೆ ಅಹಿತ ಎಂಬುದನ್ನು ನೆರೆಮನೆಯವರ ಅನುಭವದಿಂದ ತಿಳಿಯಲಾಗದು, ಅಂಗಡಿಯವನನ್ನು ಕೇಳಿ ತಿಳಿಯಲಾಗದು. ತೋಳಿಗೆ ಪಟ್ಟಿ ಸುತ್ತಿದ ಐದು ಹತ್ತು ನಿಮಿಷಗಳಲ್ಲಿ ಬಹುಮಟ್ಟಿಗೆ ತಿಳಿಯಬಹುದು. ಅಕ್ಕ ತಂಗಿಯರಿಗೆ, ಅತ್ತಿಗೆ ನಾದಿನಿಯರಿಗೆ ಇಷ್ಟನ್ನು ತಿಳಿಯಹೇಳುವುದು ಓದುಬಲ್ಲ ತರುಣ ತರುಣಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.