ಮಳೆ ಲೆಕ್ಕ ನಿಮ್ಮಲ್ಲಿ ಉಂಟಾ?

"ಈ ಸಲದಂಥ ಮಳೆ ನನ್ನ ಪ್ರಾಯದಲ್ಲಿ ನೋಡಿದ್ದಿಲ್ಲ" – ಆಟಿ ತಿಂಗಳಲ್ಲಿ ಯಾವ ಅಂಗಡಿ ಜಗಲಿಯಲ್ಲಿ ನಿಂತರೂ ಈ ಮಾತು ಕೇಳುತ್ತದೆ. ಹೋದ ವರ್ಷವೂ ಕೇಳಿತ್ತು. ಎಷ್ಟು ಬಂತು, ಹೋದ ವರ್ಷಕ್ಕಿಂತ ಎಷ್ಟು ಹೆಚ್ಚು ಅಂತ ಕೇಳಿದರೆ ಹೆಚ್ಚಿನವರಲ್ಲಿ ಉತ್ತರ ಇಲ್ಲ. ಮಳೆಯನ್ನೇ ನಂಬಿ ಬದುಕುವವರು ನಾವು. ಆದರೆ ಅಂಗಡಿಯ ಸಾಲದ ಲೆಕ್ಕ ಬರೆದಷ್ಟು ಶಿಸ್ತಿನಲ್ಲಿ ಮಳೆಯ ಲೆಕ್ಕ ಬರೆಯುವುದಿಲ್ಲ.

ನನ್ನದು ನೀರಿನ ಸೌಕರ್ಯ ಇಲ್ಲದ ಗುಡ್ಡೆ ಜಾಗ. ಗೇರು ಮುಖ್ಯ ಬೆಳೆ. ಓದಿದ್ದು ಏಳನೇ ಕ್ಲಾಸು. ಪಂಪ್ ಇದ್ದವರಿಗೆ ಮಳೆ ಹದಿನೈದು ದಿನ ತಡವಾದರೂ ಹೇಗೋ ಸುಧಾರಿಸಬಹುದು. ನಮಗೆ ಹಾಗಲ್ಲ. ಆಕಾಶದ ಲೆಕ್ಕವೇ ನಮ್ಮ ಲೆಕ್ಕ. ಹಾಗಾಗಿ ಮಳೆಯಿಂದಲೇ ಸುರು ಮಾಡಿ, ಕೃಷಿಯ ಅಂಕಿಅಂಶ ಎಲ್ಲಿ ಸಿಗುತ್ತದೆ, ಸಿಕ್ಕಿದ್ದನ್ನು ಹೇಗೆ ನೋಡಬೇಕು, ನಮ್ಮಲ್ಲಿರುವುದನ್ನು ಹೇಗೆ ಹಂಚಬೇಕು ಅಂತ ತಿಳಿದಷ್ಟು ಬರೆಯುತ್ತೇನೆ.

ವಿಮೆಗೂ ಮಳೆಮಾಪಕಕ್ಕೂ ಸಂಬಂಧ

ಲೆಕ್ಕ ಬರೆದು ಎಂತ ಪ್ರಯೋಜನ ಅಂತ ಕೇಳುವವರಿಗೆ ಮೊದಲ ಉತ್ತರ ಬೆಳೆ ವಿಮೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ, ಕರಿಮೆಣಸಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಇದರಲ್ಲಿ ತೋಟಕ್ಕೆ ಬಂದು ಎಷ್ಟು ಕೊಳೆ ಬಿದ್ದಿದೆ ಅಂತ ಯಾರೂ ನೋಡುವುದಿಲ್ಲ. ಗ್ರಾಮ ಪಂಚಾಯತಿನ ಮಳೆಮಾಪಕ ಎಷ್ಟು ತೋರಿಸಿತು ಅನ್ನುವುದರ ಮೇಲೆ ಪರಿಹಾರ ನಿರ್ಧಾರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತು ಮಟ್ಟದಲ್ಲಿ ಹಾಕಿರುವ ಈ ಯಂತ್ರಗಳು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳುಹಿಸುತ್ತವೆ.

ಯಂತ್ರ ಅಂದ ಮೇಲೆ ಹಾಳಾಗುವುದೂ ಉಂಟು. ಕಸ ಕಟ್ಟಬಹುದು, ಬ್ಯಾಟರಿ ಕೈಕೊಡಬಹುದು, ಬಳ್ಳಿ ಹಬ್ಬಬಹುದು. ಆಗ ಬೇರೊಂದು ಹತ್ತಿರದ ಕೇಂದ್ರದ ಲೆಕ್ಕ ಹಿಡಿಯುತ್ತಾರೆ. ನಮ್ಮ ಘಟ್ಟದ ಬುಡದ ಊರುಗಳಲ್ಲಿ ಒಂದು ಗುಡ್ಡೆ ದಾಟಿದರೆ ಮಳೆಯೇ ಬೇರೆ. ಸುಬ್ರಹ್ಮಣ್ಯದ ಮಳೆ ಪುತ್ತೂರು ಪೇಟೆಯ ಮಳೆ ಅಲ್ಲ.

ನಮ್ಮ ಪುಸ್ತಕ ನೋಡಿ ವಿಮೆಯವರು ದುಡ್ಡು ಕೊಡುವುದಿಲ್ಲ, ಅದು ಗೊತ್ತಿರಲಿ. ಆದರೆ ಒಂದೇ ಪಂಚಾಯತಿನ ಐದು ಮನೆಗಳಲ್ಲಿ ಒಂದೇ ರೀತಿ ಅಳೆದು ಬರೆದ ಲೆಕ್ಕ ಇದ್ದರೆ, "ಈ ವಾರ ಯಂತ್ರ ಸೊನ್ನೆ ತೋರಿಸಿದೆ, ಐದು ಮನೆಯಲ್ಲೂ ಮಳೆ ಬಿದ್ದಿದೆ, ಯಂತ್ರ ಪರೀಕ್ಷೆ ಮಾಡಿ" ಅಂತ ಅದೇ ವಾರ ಅರ್ಜಿ ಕೊಡಬಹುದು. ವರ್ಷ ಕಳೆದ ಮೇಲೆ ಬೊಬ್ಬೆ ಹಾಕುವುದಕ್ಕಿಂತ ಇದು ಒಳ್ಳೆಯದು. ಯಂತ್ರದ ಲೆಕ್ಕ ಸಾರ್ವಜನಿಕ ಲೆಕ್ಕ. ಸುಮ್ಮನೆ ಕೇಳಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು.

ಅಳೆಯುವುದು ಹೇಗೆ?

ಮಳೆಮಾಪಕ ಕೊಂಡುಕೊಳ್ಳುವುದಾದರೆ ಒಳ್ಳೆಯದು. ಆಗದಿದ್ದರೆ ಬಾಯಿ ಮತ್ತು ತಳ ಒಂದೇ ಅಗಲ ಇರುವ ನೇರ ಡಬ್ಬ ಸಾಕು. ಡಬ್ಬದಲ್ಲಿ ನಿಂತ ನೀರಿನ ಎತ್ತರವೇ ಮಳೆ. ಹತ್ತು ಮಿಲಿಮೀಟರ್ ಎತ್ತರ ನಿಂತರೆ ಹತ್ತು ಮಿ.ಮೀ. ಮಳೆ. ನಮ್ಮಲ್ಲಿ ಒಂದೇ ದಿನ 200 ಮಿ.ಮೀ. ಬರುವುದೂ ಉಂಟು, ಹಾಗಾಗಿ ಡಬ್ಬ ಒಂದಡಿಯಾದರೂ ಎತ್ತರ ಬೇಕು.

ಆಲಿಕೆಯನ್ನು ಕ್ಯಾನಿಗೆ ಇಟ್ಟು ಅಳೆಯುವವರು ಹೀಗೆ ಲೆಕ್ಕ ಮಾಡಬಹುದು: ಬಾಯಿ 20 ಸೆಂ.ಮೀ. ಅಗಲದ ಆಲಿಕೆಯಾದರೆ ಪ್ರತಿ 31.4 ಮಿಲಿ ನೀರಿಗೆ ಒಂದು ಮಿ.ಮೀ. ಮಳೆ. ಒಂದು ಮಿ.ಮೀ. ಅಂದರೆ ಸಣ್ಣದಲ್ಲ. ಒಂದು ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು.

ಮುಖ್ಯ ಸಂಗತಿಗಳು ಮೂರು. ಒಂದು, ಜಾಗ. ಮಾಡಿನ ಹನಿ, ಮರದ ಹನಿ ಬೀಳಬಾರದು. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇದ್ದರೆ ಕ್ಷೇಮ. ಎರಡು, ಹೊತ್ತು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಓದಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಮಳೆಯನ್ನು ಆ ದಿನದ ತಾರೀಕಿಗೆ ಬರೆಯುತ್ತಾರೆ. ನಾವೂ ಹಾಗೆಯೇ ಬರೆದರೆ ಅವರ ಲೆಕ್ಕದ ಪಕ್ಕ ನಮ್ಮ ಲೆಕ್ಕ ಇಡಬಹುದು. ಒಬ್ಬರು ರಾತ್ರಿ ಹನ್ನೆರಡಕ್ಕೆ, ಇನ್ನೊಬ್ಬರು ಚಾ ಕುಡಿದ ಮೇಲೆ ಅಳೆದರೆ ಎರಡೂ ಸತ್ಯವಾದರೂ ಕೂಡಿಸಲಿಕ್ಕೆ ಬರುವುದಿಲ್ಲ. ಮೂರು, ಸೊನ್ನೆ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಮನೆಯಲ್ಲಿ ಇಲ್ಲದೆ ಅಳೆಯದ ದಿನ "ಅಳೆದಿಲ್ಲ" ಅಂತ ಬರೆಯಬೇಕು. ಖಾಲಿ ಬಿಟ್ಟರೆ ಹತ್ತು ವರ್ಷ ಕಳೆದ ಮೇಲೆ ಬರೆದವರಿಗೇ ಅದು ಸೊನ್ನೆಯೋ ಮರೆವೋ ಗೊತ್ತಾಗುವುದಿಲ್ಲ.

ನಮ್ಮವರೇ ಮಾಡಿದ ಕೆಲಸ

ಇದೆಲ್ಲ ದೊಡ್ಡವರ ಕೆಲಸ ಅಂತ ಅನಿಸಬಹುದು. ಸುಳ್ಯ ತಾಲೂಕಿನ ಬಾಳಿಲದ ಹಿರಿಯ ಕೃಷಿಕರೊಬ್ಬರು 1976ರಿಂದ ಪ್ರತಿದಿನದ ಮಳೆ ಬರೆಯುತ್ತಾ ಬಂದಿದ್ದಾರೆ. ಅವರು ಹವಾಮಾನ ಇಲಾಖೆಯ ನೌಕರರಲ್ಲ, ನಮ್ಮ ಹಾಗೆ ಕೃಷಿಕರು. ಸುಳ್ಯದ ಮಳೆ ಬಗ್ಗೆ ಮಾತು ಬಂದಾಗ ಪೇಪರಿನವರು ಅವರ ಲೆಕ್ಕ ಕೇಳಿ ಪಡೆಯುತ್ತಾರೆ. ಯಾಕೆ? ಅಷ್ಟು ಹಿಂದಿನ, ಅಷ್ಟು ಸಣ್ಣ ಊರಿನ ದಿನದಿನದ ಲೆಕ್ಕ ಬೇರೆ ಕಡೆ ಸಿಗುವುದು ಕಷ್ಟ. ಪುಸ್ತಕವನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಅದು ಅವರೊಬ್ಬರ ಹವ್ಯಾಸವಾಗಿ ಉಳಿಯುತ್ತಿತ್ತು. ಹಂಚಿದ ಕಾರಣ ಊರಿನ ಸೊತ್ತಾಯಿತು.

ಎರಡನೆಯ ಉದಾಹರಣೆ ಸಂಕಟದ್ದು. ಸಂಪಾಜೆ, ಅರಂತೋಡು, ಮರ್ಕಂಜ ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಹೇಗೆ ಮಾಡಿದೆ ಅಂತ ಹೇಳುವುದು ಬೇಡ. ಈ ರೋಗ 1914ರಲ್ಲೇ ಕೇರಳದಲ್ಲಿ ವರದಿಯಾಗಿತ್ತು. ನೂರು ವರ್ಷ ದಾಟಿದರೂ ಬಿಟ್ಟರೆ ಹೋಗುವ ಮದ್ದು ಇಲ್ಲ. ಆದರೆ ಹಳದಿಯಾದ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ಉಳಿಯುತ್ತದೆ. ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರು ರೋಗ ತಾಳಿಕೊಳ್ಳುವ ತಳಿ ಹುಡುಕುವುದು ಇಂಥ ಮರಗಳಿಂದಲೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಒಂದು ಮರ ಇವತ್ತು ಹಸಿರು ಉಂಟು ಅಂತ ವಿಜ್ಞಾನಿಗಳು ಬಂದು ನೋಡಬಹುದು. ಅದು ಎಷ್ಟು ವರ್ಷದಿಂದ ಹಸಿರು, ಅದರ ಸುತ್ತಲಿನ ಮರಗಳು ಯಾವ ವರ್ಷ ಹಳದಿಯಾದವು, ನಡುವೆ ಒಂದು ಸಲ ಹಳದಿಯಾಗಿ ಸುಧಾರಿಸಿತಾ – ಇದನ್ನು ತೋಟದ ಯಜಮಾನರು ಮಾತ್ರ ಹೇಳಬಲ್ಲರು. ಬಾಯಿಮಾತಿನಲ್ಲಿ "ಸುಮಾರು ವರ್ಷದಿಂದ" ಅಂದರೆ ಸಾಲದು. ಮರಕ್ಕೆ ಬಣ್ಣದಲ್ಲಿ ನಂಬರು ಹಾಕಿ, ವರ್ಷಕ್ಕೆ ಎರಡು ಸಲ ನೋಡಿ, ಒಂದು ಗೆರೆ ಬರೆದಿಟ್ಟರೆ ಯಾವ ಪ್ರಯೋಗಾಲಯದಲ್ಲೂ ಸಿಗದ ಮಾಹಿತಿ ಆಗುತ್ತದೆ. ತೋಟ ಹೋದ ಮೇಲೆ ಯಜಮಾನರ ನೆನಪೂ ಹೋದರೆ ಆ ಮರದ ಚರಿತ್ರೆ ಹೇಳುವವರು ಯಾರೂ ಇಲ್ಲ.

ಸಂಶೋಧನಾ ಕೇಂದ್ರದ ಅಂಕಿ ಓದುವುದು

ನಮಗೆ ದೂರ ಹೋಗಬೇಕಾಗಿಲ್ಲ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ಸುರುವಾದ ಗೇರು ಸಂಶೋಧನಾ ಕೇಂದ್ರ ಉಂಟು, ಈಗ ಅದು ನಿರ್ದೇಶನಾಲಯ. ದೇಶದ ಗೇರು ತಳಿಗಳ ಸಂಗ್ರಹ ಅಲ್ಲಿದೆ. ವಿಟ್ಲದಲ್ಲಿ ಅಡಿಕೆ ಸಂಶೋಧನೆ 1956ರಿಂದ ನಡೆಯುತ್ತಿದೆ. ಕಡಬ ತಾಲೂಕಿನ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹ ಉಂಟು. ಅಲ್ಲಿಯ ಒಂದೊಂದು ತೆಂಗಿನ ಮರಕ್ಕೂ ಬೆಲೆ ಬರುವುದು ಅದು ಎಲ್ಲಿಂದ ಬಂತು, ಯಾವಾಗ ನೆಟ್ಟದ್ದು, ಎಷ್ಟು ಕಾಯಿ ಕೊಟ್ಟಿತು ಅನ್ನುವ ದಾಖಲೆಯಿಂದ. ದಾಖಲೆ ಕಳೆದರೆ ಅದೂ ನಮ್ಮ ಹಿತ್ತಲಿನ ಮರದ ಹಾಗೆ ಒಂದು ಮರ, ಅಷ್ಟೆ.

ಇವರ ವಾರ್ಷಿಕ ವರದಿಗಳಲ್ಲಿ ತಳಿಯ ಇಳುವರಿ, ಬೀಜದ ತೂಕ, ಕೀಟದ ಹಾವಳಿ ಎಲ್ಲ ಇರುತ್ತದೆ. ಹೆಚ್ಚಿನದು ಇಂಗ್ಲಿಷಿನಲ್ಲಿ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಕೂರಿಸಿ ಓದಿಸಬಹುದು. ಅಂಕಿಗೆ ಭಾಷೆಯ ತೊಡಕು ಕಡಿಮೆ.

ಅಂಕಿ ಸಿಕ್ಕಿದ ಕೂಡಲೇ ನಂಬಿ ಗಿಡ ತರಬಾರದು. ಗೇರು ನೆಟ್ಟರೆ ಇಪ್ಪತ್ತೈದು ಮೂವತ್ತು ವರ್ಷದ ಸಂಬಂಧ. "ಮರಕ್ಕೆ ಇಷ್ಟು ಕಿಲೋ" ಅಂತ ಓದಿದರೆ ನಾನು ಕೇಳುವ ಪ್ರಶ್ನೆಗಳು ಇವು: ಎಷ್ಟು ಮರದ ಸರಾಸರಿ? ಎಷ್ಟು ವರ್ಷದ್ದು? ಮರದ ಪ್ರಾಯ ಎಷ್ಟು? ಗಿಡದಿಂದ ಗಿಡಕ್ಕೆ ಅಂತರ ಎಷ್ಟು? ನೀರು ಕೊಟ್ಟಿದ್ದರಾ? ಟೀ ಸೊಳ್ಳೆಗೆ ಎಷ್ಟು ಸಲ ಮದ್ದು ಬಿಟ್ಟಿದ್ದರು? ಈ ಆರು ಉತ್ತರ ಇಲ್ಲದ ಅಂಕಿ ನನ್ನ ಒಣ ಗುಡ್ಡೆಗೆ ಪ್ರಯೋಜನ ಇಲ್ಲ. ಕೇಂದ್ರಕ್ಕೆ ಹೋಗಿ ಮರ್ಯಾದೆಯಲ್ಲಿ ಕೇಳಿದರೆ ವಿಜ್ಞಾನಿಗಳು ಹೇಳುತ್ತಾರೆ. ಇಂಥ ಪ್ರಶ್ನೆ ಕೇಳುವ ರೈತರನ್ನು ಕಂಡರೆ ಅವರಿಗೂ ಖುಷಿ.

ಅದೇ ಪ್ರಶ್ನೆಗಳನ್ನು ನಮ್ಮ ಲೆಕ್ಕಕ್ಕೂ ಕೇಳಬೇಕು. ನನ್ನ ಗೇರು ಪುಸ್ತಕದಲ್ಲಿ ಮರದ ನಂಬರು, ತಳಿ, ಹೂ ಸುರುವಾದ ತಾರೀಕು, ಹೂವಿನ ಸಮಯದ ಮೋಡ ಮಳೆ, ಟೀ ಸೊಳ್ಳೆ ಕಂಡ ದಿನ, ಮದ್ದು, ಬೀಜದ ತೂಕ – ಇಷ್ಟಕ್ಕೆ ಕಾಲಂ ಉಂಟು. "ಈ ತಳಿ ಒಳ್ಳೆದಾಗ್ತದಾ?" ಅಂತ ನೆರೆಯವರು ಕೇಳಿದರೆ ಪುಸ್ತಕ ಕೊಡುತ್ತೇನೆ. ನನ್ನ ಅಭಿಪ್ರಾಯಕ್ಕಿಂತ ಅವರೇ ನೋಡಿಕೊಳ್ಳುವುದು ಮೇಲು.

ಬೋರ್ಡೋ ನಮಗೆ ಸಿಕ್ಕಿದ್ದು ಹೇಗೆ?

ಹಂಚಿದರೆ ನಮಗೆಂತ ಲಾಭ ಅಂತ ಕೇಳುವವರು ತಮ್ಮ ತೋಟಕ್ಕೆ ಬಿಡುವ ಬೋರ್ಡೋ ದ್ರಾವಣವನ್ನು ಜ್ಞಾಪಿಸಿಕೊಳ್ಳಲಿ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕೊಯ್ಯದಿರಲಿ ಅಂತ ರೈತರು ದಾರಿಬದಿಯ ಸಾಲಿಗೆ ಮೈಲುತುತ್ತು, ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಸಾಲುಗಳಿಗೆ ಬೂಜು ರೋಗ ಬಾರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಕಾರಣ ಹುಡುಕಿ 1910ರಲ್ಲಿ ವರದಿ ಅಚ್ಚು ಹಾಕಿಸಿದರು. ಆ ದ್ರಾವಣ ಅಡಿಕೆಗೂ ಬಂತು. ದಾರಿಬದಿಯ ರೈತರು ಕಂಡದ್ದು, ವಿಜ್ಞಾನಿ ಬರೆದದ್ದು, ಇನ್ನೊಬ್ಬರು ಅದನ್ನು ಓದಿ ಬೇರೆ ಬೆಳೆಗೆ ತಂದದ್ದು – ಇದರಲ್ಲಿ ಒಂದು ಕೊಂಡಿ ತಪ್ಪಿದ್ದರೂ ನಮ್ಮ ಅಜ್ಜಂದಿರ ಕಾಲಕ್ಕೆ ಅದು ಬರುತ್ತಿರಲಿಲ್ಲ.

ಈಗ ಪ್ರಪಂಚದ ವಿಜ್ಞಾನಿಗಳೂ ಇದೇ ಮಾತು ಹೇಳುತ್ತಿದ್ದಾರೆ. ಸಂಶೋಧನೆಯ ಲೆಕ್ಕಪತ್ರ ಹೇಗಿರಬೇಕು ಅಂತ 2016ರಲ್ಲಿ ಅವರ ಒಂದು ಗುಂಪು ನಾಲ್ಕು ನಿಯಮ ಪ್ರಕಟಿಸಿತು. ಹುಡುಕಿದರೆ ಸಿಗಬೇಕು. ಸಿಕ್ಕಿದ್ದನ್ನು ತೆರೆದು ನೋಡಲು ಬರಬೇಕು. ಬೇರೆಯವರ ಲೆಕ್ಕದ ಜೊತೆ ಕೂಡಿಸಲು ಬರಬೇಕು. ಮತ್ತೊಬ್ಬರು ಮತ್ತೊಂದು ಕೆಲಸಕ್ಕೆ ಉಪಯೋಗಿಸಲು ಬರಬೇಕು. ನಮ್ಮ ಮಳೆ ಪುಸ್ತಕಕ್ಕೂ ಇದೇ ನಾಲ್ಕು ಸಾಕು.

ಮೊದಲನೆಯದಕ್ಕೆ ಊರಿನದೇ ಉದಾಹರಣೆ ಕೊಡುತ್ತೇನೆ. ಕಡಬ ಹೊಸ ತಾಲೂಕು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಮಾಡಿದ್ದು. ಹಳೆಯ ಲೆಕ್ಕ ಬೇಕಾದವರು ಕಡಬ ಅಂತ ಹುಡುಕಿದರೆ ಸಿಗದು. ಕಡಬ ಪೇಟೆಯದ್ದು ಪುತ್ತೂರಿನ ಕಡತದಲ್ಲಿ, ಸುಬ್ರಹ್ಮಣ್ಯದ್ದು ಸುಳ್ಯದ ಕಡತದಲ್ಲಿ ಇರುತ್ತದೆ. ಹಾಗಾಗಿ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ತಾಲೂಕು ಮಾತ್ರ ಅಲ್ಲ, ಗ್ರಾಮದ ಹೆಸರೂ ಬರೆಯಿರಿ. ಮಾಪಕ ಇಟ್ಟ ಜಾಗ, ಅದರ ಬಾಯಿಯ ಅಗಲ, ಓದುವ ಹೊತ್ತು, ಬರೆಯುವವರ ಹೆಸರು ಸೇರಿಸಿ. ಜಾಗ ಬದಲಿಸಿದರೆ ತಾರೀಕು ಸಮೇತ ಬರೆಯಿರಿ.

ಕೊಡುವಾಗ ಜಾಗ್ರತೆ

ಹಂಚುವುದು ಅಂದರೆ ಎಲ್ಲವನ್ನೂ ಬೀದಿಗೆ ಹಾಕುವುದಲ್ಲ. ಮಳೆ, ಹೂವಿನ ತಾರೀಕು, ರೋಗ, ಇಳುವರಿ ಹಂಚಬಹುದು. ಸರ್ವೆ ನಂಬರು, ಬ್ಯಾಂಕ್ ಸಾಲ, ಆಧಾರ್ ಯಾರಿಗೂ ಬೇಕಾಗಿಲ್ಲ. ಅಧ್ಯಯನಕ್ಕೆ ಬರುವ ವಿದ್ಯಾರ್ಥಿಗಳಿಗೆ ಪುಸ್ತಕ ಕೊಟ್ಟರೆ ಅವರ ವರದಿಯ ಒಂದು ಪ್ರತಿ ಕೇಳಿ ಪಡೆಯಿರಿ. ಕೊಟ್ಟದ್ದು ತಿರುಗಿ ಊರಿಗೆ ಬಂದರೆ ಮಾತ್ರ ಮುಂದಿನ ಸಲ ಕೊಡಲು ಮನಸ್ಸು ಬರುತ್ತದೆ.

ಪುಸ್ತಕ ಒಂದೇ ಇರಬಾರದು. ಗೆದ್ದಲು, ಮಳೆನೀರು, ಇಲಿ – ನಮ್ಮಲ್ಲಿ ಕಾಗದದ ಶತ್ರುಗಳು ಜಾಸ್ತಿ. ಮೊಬೈಲಿನಲ್ಲಿ ತಿಂಗಳಿಗೊಮ್ಮೆ ಪುಟದ ಫೋಟೊ ತೆಗೆದು ಇಬ್ಬರಿಗೆ ಕಳುಹಿಸಿ. ವರ್ಷದ ಕೊನೆಗೆ ಒಂದು ಜೆರಾಕ್ಸ್ ಪ್ರತಿಯನ್ನು ಸಹಕಾರಿ ಸಂಘದಲ್ಲೋ, ಶಾಲೆಯಲ್ಲೋ, ಪಂಚಾಯತು ಲೈಬ್ರರಿಯಲ್ಲೋ ಇಡಿ.

ಒಂದು ಡಬ್ಬ, ಒಂದು ಸ್ಕೇಲು, ನೂರು ಪುಟದ ಒಂದು ನೋಟ್ ಪುಸ್ತಕ. ದಿನಕ್ಕೆ ಎರಡು ನಿಮಿಷದ ಕೆಲಸ. ಒಂದು ಗ್ರಾಮದಲ್ಲಿ ಐದು ಮನೆಯವರು ಒಪ್ಪಿದರೆ ಸಾಕು, ಜನವರಿ ಒಂದಕ್ಕೆ ಸುರು ಮಾಡಬಹುದು. ಈಗಾಗಲೇ ಬರೆಯುತ್ತಿರುವವರು ಎಷ್ಟು ವರ್ಷದ ಲೆಕ್ಕ ಉಂಟು, ಯಾವ ಮಾಪಕ, ಯಾವ ಗ್ರಾಮ ಅಂತ ಪತ್ರಿಕೆಗೆ ಒಂದು ಕಾರ್ಡು ಬರೆಯಲಿ. ಯಾರಲ್ಲಿ ಎಂತ ಉಂಟು ಅಂತ ಮೊದಲು ಗೊತ್ತಾಗಲಿ. ಕೂಡಿಸುವ ಕೆಲಸ ಆಮೇಲೆ ಮಾಡುವ.